ಅಸೋಸಿಯೇಷನ್ ಮೇಷ್ಟ್ರು

ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಬಿಟ್ಟು ಬೆಂಗಳೂರು ಸೇರಿದ ನಿವೃತ್ತ ಮೇಷ್ಟ್ರುಗಳಲ್ಲಿ ಎರಡು ಬಗೆ. ಮೊದಲನೆಯವರು ಪಾರ್ಕಿನ ಬೆಂಚಿನಲ್ಲಿ ಕೂತು ಸುವರ್ಣಾವತಿ ಹೊಳೆಯನ್ನು ನೆನೆಯುತ್ತಾರೆ. ಎರಡನೆಯವರು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗುತ್ತಾರೆ.

ನಮ್ಮ ಮೇಷ್ಟ್ರು ಎರಡನೆಯವರು. ಕಂಕುಳಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಫೈಲು, ಜೇಬಿನಲ್ಲಿ ಎರಡು ಪೆನ್ನು: ಒಂದು ತಮಗೆ, ಇನ್ನೊಂದು ‘ಪೆನ್ನಿಲ್ವಲ್ಲ ಸಾರ್’ ಎಂದು ಜಾರಿಕೊಳ್ಳುವವರಿಗೆ. ಅವರ ಜೊತೆ ಲಿಫ್ಟ್ ಹತ್ತಿದವರು ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಪಾಸಾಗಿರುತ್ತಾರೆ.

ಹೋರಾಟವೇನೋ ನ್ಯಾಯವಾದದ್ದೇ. ಫ್ಲ್ಯಾಟಿಗೆ ದುಡ್ಡು ಕೊಟ್ಟವರು ಇವರು, ಕಟ್ಟಡದ ಕೆಳಗಿನ ನೆಲ ಮಾತ್ರ ಇನ್ನೂ ಬಿಲ್ಡರ್ ಹೆಸರಿನಲ್ಲಿದೆ. ಸ್ಥಳೀಯ ಕಾನೂನು ಬೇರೆ ಹೇಳದಿದ್ದರೆ, ಸ್ವಾಧೀನಾನುಭವ ಪತ್ರ (ಓಸಿ) ಸಿಕ್ಕ 3 ತಿಂಗಳೊಳಗೆ ಕಾಮನ್ ಏರಿಯಾ ಅಸೋಸಿಯೇಷನ್ ಹೆಸರಿಗೆ ರಿಜಿಸ್ಟರ್ ಆಗಬೇಕೆನ್ನುತ್ತದೆ ರಿಯಲ್ ಎಸ್ಟೇಟ್ ಕಾಯ್ದೆ ರೇರಾದ 17ನೇ ಸೆಕ್ಷನ್. ಅದನ್ನು ಕೇಳಲು ಎಲ್ಲರೂ ಒಂದಾಗಬೇಕಲ್ಲ! ಕೆಳಗಿನ ಮನೆಯವರು, ‘ಲಾಯರ್ ಫೀಸು ಲಿಫ್ಟ್ ಹತ್ತೋರು ಕೊಡ್ಲಿ’ ಎನ್ನುತ್ತಾರೆ. ಮೇಲಿನವರು ಟೆರೇಸಿಗೆ ಆಗಲೇ ಬೀಗ ಹಾಕಿದ್ದಾರೆ. ತಪ್ಪದೆ ಸಭೆಗೆ ಬರುವವರು ಬಾಡಿಗೆದಾರರು. ಅವರಿಗೆ ಓಟಿಲ್ಲ, ಬೋಂಡ ಉಂಟು.

1972ರ ಕಾಯ್ದೆಯಲ್ಲಿ ಮೇಷ್ಟ್ರಿಗೆ ಬಲು ಹಿಡಿಸಿದ ಮಾತು ಒಂದಿದೆ: ಕಾಮನ್ ಏರಿಯಾವನ್ನು ಪಾಲು ಮಾಡಿಕೊಡಿ ಎಂದು ಯಾವ ಮಾಲೀಕನೂ ದಾವೆ ಹೂಡುವಂತಿಲ್ಲ. ಪಾಲಿನ ಕೇಸು ನೋಡುತ್ತಲೇ ಬೆಳೆದ ಜೀವಕ್ಕೆ ಇದಕ್ಕಿಂತ ದೊಡ್ಡ ವೇದವಾಕ್ಯ ಬೇಕೆ? 1807ರಲ್ಲಿ ಯಳಂದೂರು ಸೀಮೆ ದಿವಾನ್ ಪೂರ್ಣಯ್ಯನವರಿಗೆ ಇಡಿಯಾಗಿ ಜಾಗೀರಾಗಿ ಸಂದಿತು. ಅದೇ ತಾಲ್ಲೂಕಿನಲ್ಲಿ ಮೇಷ್ಟ್ರ ತಾತನ ಒಂದೂವರೆ ಎಕರೆ ಗದ್ದೆಯ ಪಹಣಿಯಲ್ಲಿ ಈಗ 11 ಹೆಸರು, ಪಾಲು ಬೇರೆ ಮಾಡುವ ಪೋಡಿ ಆಗಿಲ್ಲ. ಊರಲ್ಲಿ ಒಡಹುಟ್ಟಿದವರು ನೆಲ ಒಡೆಯಲು ಹೆಣಗಿದರೆ, ಇಲ್ಲಿ ಮುಖ ಪರಿಚಯವಿಲ್ಲದವರು ಒಡೆಯದಂತೆ ಉಳಿಸಿಕೊಳ್ಳಲು ಹೆಣಗಬೇಕು. ‘ಅವಿಭಕ್ತ ಕುಟುಂಬ ಅಂದ್ರೆ ಇದು ಕಣ್ರೀ’ ಎಂದು ಮೇಷ್ಟ್ರು ಭಾನುವಾರದ ಸಭೆಯಲ್ಲಿ ಗಂಟಲು ಸರಿಮಾಡಿಕೊಂಡರು.

ಅಷ್ಟರಲ್ಲಿ ಊರಿನಿಂದ ಚಿಕ್ಕಪ್ಪನ ಮಗನ ಫೋನು.

‘ಅಣ್ಣ, ನಾಳಿಕೆ ಪೋಡಿಗೆ ಸರ್ವೇಯರ್ ಬತ್ತಾರೆ. ಹತ್ತು ಜನದ್ದೂ ರುಜು ಆಯ್ತು. ನಿಂದೊಂದೇ ಬಾಕಿ ಕಣಣ್ಣ, ಮೂರು ವರ್ಷದಿಂದ.’

‘ನೋಡಾನ ಕಣಪ್ಪ, ಈಗ ಪುರುಸೊತ್ತಿಲ್ಲ,’ ಎಂದರು ಮೇಷ್ಟ್ರು. ‘ಇಲ್ಲಿ ಯಾವನೋ ಒಬ್ಬ ರುಜು ಹಾಕ್ದೆ ಅರವತ್ತು ಮನೆ ಕೆಲ್ಸ ಕೆಡಿಸ್ತಾವ್ನೆ. ಎಂಥಾ ಜನ ಇರ್ತಾರಪ್ಪ!’