ಮೇಲಿನ ಮಹಡಿಯನ್ನು ಊರಿಗೆ ಬಿಡಿ

ಬೆಂಗಳೂರಿನಲ್ಲಿ ಗಗನಚುಂಬಿ ಕಟ್ಟಡಗಳನ್ನು ಎಬ್ಬಿಸುತ್ತಿರುವ ಮಹನೀಯರೇ,

ನಿಮ್ಮ ಜಾಹೀರಾತುಗಳಲ್ಲಿ ಗೋಪುರವೆಲ್ಲ ಶಿಖರ, ಬಡಾವಣೆಯೆಲ್ಲ ಗಿರಿ. ಹೋಲಿಕೆ ತಂದವರು ನೀವು. ಹಾಗಾಗಿ ಬೆಟ್ಟಗಳ ಪರವಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ನೆತ್ತಿಯ ಮೇಲಿನ ಪುಟ್ಟ ಗೋಪುರ ಕೆಂಪೇಗೌಡರ ನಾಲ್ಕು ಗಡಿಗೋಪುರಗಳಲ್ಲಿ ಒಂದು. ಊರು ಬೆಳೆದರೂ ಈ ಗೋಪುರಗಳನ್ನು ಮೀರಬಾರದು ಎಂಬ ಮಾತಿತ್ತಂತೆ. ಮೀರಿ ಎಷ್ಟೋ ಕಾಲವಾಯಿತು, ಆದರೂ ಮಾತು ಉಳಿದಿದೆ. ಬಸವನಗುಡಿಯಲ್ಲಿ ಇನ್ನೊಂದು ಕಥೆ. ಕಡಲೆಕಾಯಿ ಹೊಲಕ್ಕೆ ನುಗ್ಗಿದ ಬಸವ ಪೆಟ್ಟು ತಿಂದು ಕಲ್ಲಾದ. ಕಲ್ಲಾದ ಮೇಲೂ ಬೆಳೆಯುತ್ತಲೇ ಹೋದ. ರೈತರು ಶಿವನಿಗೆ ಮೊರೆಯಿಟ್ಟರು, ನೆತ್ತಿಗೆ ತ್ರಿಶೂಲ ನೆಟ್ಟ ಮೇಲೆ ಬೆಳವಣಿಗೆ ನಿಂತಿತು. ಬೆಳೆಯುವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ಈ ಊರು ಮೊದಲಿನಿಂದಲೂ ತನ್ನನ್ನೇ ಕೇಳಿಕೊಂಡಿದೆ. ಆ ಪ್ರಶ್ನೆ ನಿಮ್ಮ ನಕಾಶೆಗಳಲ್ಲಿ ನನಗೆ ಕಾಣುವುದಿಲ್ಲ.

1,478 ಮೀಟರ್ ಎತ್ತರದ ನಂದಿಬೆಟ್ಟವನ್ನೇ ನೋಡಿ. ಅದರ ಮಗ್ಗುಲಲ್ಲಿ ಹುಟ್ಟುವ ಅರ್ಕಾವತಿಯನ್ನು ಹೆಸರಘಟ್ಟದಲ್ಲಿ ಕಟ್ಟಿಹಾಕಿ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ತಂದರು. ಬೆಟ್ಟ ಮಳೆಯನ್ನು ಹಿಡಿದು ಕೆಳಗಿನವರಿಗೆ ಬಿಡುತ್ತದೆ. ನಿಮ್ಮ ಶಿಖರಗಳೋ ನೆಲದಾಳದ ನೀರನ್ನು ಪಂಪು ಹಾಕಿ ಮೇಲಕ್ಕೆಳೆದುಕೊಳ್ಳುತ್ತವೆ, ಸಾಲದಿದ್ದರೆ ಟ್ಯಾಂಕರ್ ತರಿಸಿಕೊಳ್ಳುತ್ತವೆ.

ನನಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಬಾಗಿಲಿನದು. ನಂದಿಗೆ ಬಸ್ಸಿನಲ್ಲಿ ಹೋಗಬಹುದು. ಲಾಲ್‌ಬಾಗಿನ ಬಂಡೆಯನ್ನು ಮಕ್ಕಳು ಓಡಿಯೇ ಹತ್ತುತ್ತಾರೆ, ಶಿವಗಂಗೆ ಬೆಟ್ಟದ ಮೆಟ್ಟಿಲುಗಳನ್ನು ಅಜ್ಜಿಯರು ಕೂತು ಎದ್ದು ಹತ್ತುತ್ತಾರೆ. ಹತ್ತಿದವರು ಇಳಿದು ಬಂದು ಹೇಳಿದ್ದರಿಂದಲೇ ಅಲ್ಲೆಲ್ಲ ಕಥೆಗಳು ಹುಟ್ಟಿದವು. ನಿಮ್ಮ ಗೇಟಿನಲ್ಲಿ ಹೆಸರು, ಫೋನ್ ನಂಬರ್ ಬರೆಸಿ ಯಾರ ಮನೆಗೆ ಎಂದು ಕೇಳುತ್ತಾರೆ. ಮೂವತ್ತನೆಯ ಮಹಡಿಗೆ ಇಟ್ಟಿಗೆ ಹೊತ್ತ ರಾಯಚೂರಿನ ಹೆಣ್ಣುಮಗಳು ಗೃಹಪ್ರವೇಶವಾದ ಮರುದಿನದಿಂದ ಅಲ್ಲಿಗೆ ಕಾಲಿಡುವಂತಿಲ್ಲ. ಅವಳ ಮಕ್ಕಳು ಆ ಕಟ್ಟಡದ ಬಗ್ಗೆ ಯಾವ ಕಥೆ ಹೇಳಬೇಕು?

ಅದಕ್ಕೇ ಎರಡು ಬೇಡಿಕೆ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತವರಿಗೆ ಸುತ್ತಲೂ ಆಕಾಶ ಕಾಣಬೇಕು. ಅದರ ಸುತ್ತಮುತ್ತ ನಿಮ್ಮ ಎತ್ತರವನ್ನು ನೀವಾಗಿಯೇ ತಗ್ಗಿಸಿಕೊಳ್ಳಿ. ಇನ್ನು ಪ್ರತಿ ಎತ್ತರದ ಕಟ್ಟಡದ ಮೇಲಿನ ಮಹಡಿಯನ್ನು ವಾರಕ್ಕೆ ಒಂದು ದಿನ, ಟಿಕೆಟ್ ಇಲ್ಲದೆ, ಅಕ್ಕಪಕ್ಕದ ಓಣಿಯವರಿಗೆ ತೆರೆದಿಡಿ. ಮೊದಲ ವಾರ ಅದನ್ನು ಕಟ್ಟಿದ ಕೂಲಿಯವರನ್ನೇ ಕರೆಯಿರಿ.

ಇತಿ,
ಲಾಲ್‌ಬಾಗಿನ ನೆರೆಯವನೊಬ್ಬ