ಆಕಾಶ ಕಾಯಿಸುವ ಒಲೆ

ಅಮೆರಿಕದ ವರ್ಮಾಂಟ್ ಕಡೆ ಹಳೇ ಮನೆ ಕೊಂಡರೆ ಇಟ್ಟಿಗೆಯ ಅಗ್ಗಿಷ್ಟಿಕೆಯೂ ಗಂಟುಬೀಳುವುದುಂಟು. ನೋಡಲು ಬಲು ಚಂದ. ಶಾಖದ ಬಹುಪಾಲು ಮಾತ್ರ ಚಿಮಣಿ ಹತ್ತಿ ಆಕಾಶಾರ್ಪಣ. ಹೋಗುವಾಗ ಕೋಣೆಯ ಬೆಚ್ಚನೆ ಗಾಳಿಯನ್ನೂ ಕರೆದೊಯ್ಯುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ಸಹಿಸಲಾಗದೆ ಕಬ್ಬಿಣದ ಒಲೆ ಮಾಡಿ, 1744ರಲ್ಲಿ ಅದರ ಗುಣಗಾನಕ್ಕೊಂದು ಪುಸ್ತಿಕೆಯನ್ನೇ ಬರೆದರು.

ಈಗಿನವರು ಅಗ್ಗಿಷ್ಟಿಕೆಯ ಗೂಡಿನೊಳಗೆ ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆ ತೂರಿಸುತ್ತಾರೆ. ‘ಇನ್ಸರ್ಟ್’ ಅಂತ ಹೆಸರು. ಡಾಲರುಗಳನ್ನು ಸುರಿದ ಮೇಲೂ ಯಜಮಾನರು ಸ್ವೆಟರ್ ಬಿಚ್ಚುವುದಿಲ್ಲ! ಪೆಟ್ಟಿಗೆಯ ಬೆನ್ನು ಇಟ್ಟಿಗೆ ಕಾಯಿಸುತ್ತದೆ, ಇಟ್ಟಿಗೆ ಹೊರಗಿನ ಹಿಮ ಕರಗಿಸುತ್ತದೆ. ಸೌದೆ ನಮ್ಮದು, ಸುಖ ಬೀದಿಯದು.

ಮದ್ದು ಸರಳ. ಬಿಸಿ ಮೇಲೇರಿ ಹೋಗದಂತೆ ಚಿಮಣಿಯ ಕತ್ತಿನಲ್ಲಿ, ಪೆಟ್ಟಿಗೆಯ ಹೊಗೆಕೊಳವೆಯ ಸುತ್ತ ತಗಡು ಕತ್ತರಿಸಿ ಅಡ್ಡ ಕೂರಿಸಿ, ಮೇಲೆ ರಾಕ್‌ವೂಲ್ ತುರುಕುವುದು. ಬಂಡೆ ಕರಗಿಸಿ ಎಳೆದ ಉಣ್ಣೆಯದು. 1,000 ಡಿಗ್ರಿ ಸೆಲ್ಸಿಯಸ್‌ಗೂ ಜಗ್ಗದು. ಅಗ್ಗಕ್ಕೆ ಸಿಕ್ಕಿತೆಂದು ಮಾಳಿಗೆಯ ಗಾಜಿನ ನಾರು ತುಂಬಿದಿರೋ, ಅದರ ಅಂಟು ಸುಟ್ಟು ಮನೆಯೆಲ್ಲ ಘಾಟು. ಪೆಟ್ಟಿಗೆಯ ಕೈಪಿಡಿ ಬೇಡವೆಂದ ಕಡೆಯಂತೂ ಏನನ್ನೂ ತುರುಕಬಾರದು. (ಕೈಪಿಡಿ ಓದುವ ಗಂಡಸರೂ ಇದ್ದಾರಂತೆ.)

ಇಷ್ಟಕ್ಕೆ ಗೂಡಿನೊಳಗೆ ತಲೆಯಿಟ್ಟು ಅಂಗಾತ ಮಲಗಬೇಕು. ಅಮೆರಿಕದಲ್ಲಿ ನೆಲೆಸಿದ ನಮ್ಮ ಸಾಫ್ಟ್‌ವೇರ್ ವೀರರು ಕಿವಿವರೆಗೆ ಮಸಿ ಬಳಿದುಕೊಂಡು, ಮೈಯೆಲ್ಲ ಕೆರೆದುಕೊಳ್ಳುತ್ತ ಹೊರಬಂದರೆ ಹೆಂಡತಿ ಕಾಲೆತ್ತಿ ಸೋಫಾದಲ್ಲಿ ಕೂತು, “ಬೆಚ್ಚಗೇನೋ ಆಯ್ತು ಮಾರಾಯ್ರೇ, ಕಾರ್ಪೆಟ್ ಮೇಲೆ ಮಾತ್ರ ಕಾಲಿಡಬೇಡಿ” ಅಂದಾಳು.