ಮಿಡಿಗೆ ಮಿಡಿದ ಹೃದಯ

ಕೊಪ್ಪದಿಂದ ಶೃಂಗೇರಿಗೆ ಹೋಗುವ ಬಸ್ಸು ನಮ್ಮ ಮನೆಯ ತಿರುವಿನಲ್ಲಿ ನಿಲ್ಲುವುದಿಲ್ಲ. ಆಶಾ ಕಾರ್ಯಕರ್ತೆ ನಿಲ್ಲುತ್ತಾರೆ. ಹೋದ ಸಲ ಪುನರ್ವಸು ಮಳೆ ಬಡಿಯುವಾಗ ಕೊಡೆ ಮಡಚಿ ಜಗಲಿ ಹತ್ತಿದವರು ನನ್ನ ತೋಳಿಗೆ ಪಟ್ಟಿ ಸುತ್ತಿದರು. ನಾನೋ, ಕೊಳೆರೋಗಕ್ಕೆ ಮೂರನೇ ಸಲ ಬೋರ್ಡೋ ಹೊಡೆಸಬೇಕೋ ಬೇಡವೋ ಎಂಬ ಪುರಾಣ ಶುರು ಮಾಡಿದ್ದೆ.

“ಮಾತಾಡ್ಬೇಡಿ ಮಾರಾಯ್ರೆ, ಬೀಪಿ ಏರ್ತದೆ!”

ಏರಿತ್ತು. 170ಕ್ಕೆ 100. ಈಗಷ್ಟೇ ಕಾಫಿ ಕುಡಿದೆ ಎಂದು ತಪ್ಪನ್ನು ಕಾಫಿಯ ಮೇಲೆ ಹೊರಿಸಿದೆ. ಹಾಗಾದರೆ ಅರ್ಧ ಗಂಟೆ ಬಿಟ್ಟು ನೋಡೋಣ ಎಂದು ಅವರು ಪಕ್ಕದ ಮನೆಗೆ ಹೋಗಿ ಬಂದರು. ಬೆನ್ನು ಒರಗಿಸಿ ಐದು ನಿಮಿಷ ಸುಮ್ಮನೆ ಕೂರಿಸಿದರು. ಈಗ 166. ಅಂದರೆ ಕಾಫಿಗೂ ಕೊಳೆರೋಗಕ್ಕೂ ಸೇರಿ ನಾಲ್ಕು ಅಂಕ, ಮಿಕ್ಕಿದ್ದೆಲ್ಲ ಸ್ವಯಾರ್ಜಿತ.

ನಿಜ ಹೇಳಿಬಿಡುತ್ತೇನೆ, ನೀವು ಯಾರಿಗೂ ಹೇಳುವವರಲ್ಲ. ಬೇಸಿಗೆಯಲ್ಲಿ 130ಕ್ಕೆ ಇಳಿದಿತ್ತೆಂದು ನಾನೇ ಮಾತ್ರೆ ನಿಲ್ಲಿಸಿದ್ದೆ. ಒಳಗೆ ಸೋರುತ್ತಿಲ್ಲವಲ್ಲ ಎಂದು ಮಾಡಿನ ಹಂಚು ಇಳಿಸಿದ ಹಾಗೆ.

ಎರಡನೇ ಆರೋಪಿ ಅಟ್ಟದಲ್ಲಿತ್ತು. ಮಳೆಗಾಲಕ್ಕೆಂದು ನಮ್ಮ ಹಿರಿಯರು ಕೂಡಿಟ್ಟದ್ದೆಲ್ಲ ಉಪ್ಪಿನ ಸಂಸಾರವೇ. ಉಪ್ಪುನೀರಿನಲ್ಲಿ ಹಲಸಿನ ಸೊಳೆ, ಮಜ್ಜಿಗೆ ಮೆಣಸು, ಹಪ್ಪಳ, ಸಂಡಿಗೆ. ಇವೆಲ್ಲದರ ಯಜಮಾನನಂತೆ ಭರಣಿಯಲ್ಲಿ ಅಪ್ಪೆಮಿಡಿ. ಉಪ್ಪಿನಲ್ಲಿ ಸುಕ್ಕಿ, ಮುದುಕನ ಕೆನ್ನೆಯಂತಾದ ಆ ಮಿಡಿಯ ತೊಟ್ಟು ಹಿಡಿದು ಗಂಜಿಯ ಜೊತೆ ಕಚ್ಚುವಾಗ ಸೊನೆಯ ಪರಿಮಳ ಮೂಗಿಗೇರುತ್ತದೆ. ದಿನದ ಉಪ್ಪು 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚೆಂದರೆ ಒಂದು ಟೀ ಚಮಚ. ನಾನು ಬೆಳಗಿನ ಗಂಜಿಯಲ್ಲೇ ಅದರ ಬಹುಪಾಲು ಮುಗಿಸುವವನು. ಉಪ್ಪು ಹೆಚ್ಚಾದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳದ ಮೇಲೆ ಒತ್ತಡ ಏರುತ್ತದೆ. ಪಂಪು ಜೋರಾದರೆ ತೋಟದ ಪೈಪಿನ ಜಾಯಿಂಟು ಬಿಡುವುದು ಕಂಡವನಿಗೆ ಇದು ಹೊಸ ಪಾಠವೇನಲ್ಲ.

ಜಾಯಿಂಟು ಮಿದುಳಿನಲ್ಲಿ ಬಿಟ್ಟರೋ, ಕಸ ಕಟ್ಟಿದರೋ, ಅದೇ ನಾವು ಹೇಳುವ ಲಕ್ವ. ನಮ್ಮ ಕಡೆ ಮೊದಲು ಎಣ್ಣೆ ತಿಕ್ಕಿ, ಆಮೇಲೆ ಒಬ್ಬೊಬ್ಬ ನೆಂಟರ ಅಭಿಪ್ರಾಯ ಕೇಳುವ ರೂಢಿ. ಹೆಪ್ಪುಗಟ್ಟಿದ್ದಾದರೆ ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯೇ ಗಡುವು. ಹೆಪ್ಪೋ ರಕ್ತಸ್ರಾವವೋ ಎಂದು ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಮಣಿಪಾಲಕ್ಕೆ ಹೊರಟರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು. ನರಸಿಂಹರಾಜಪುರದವರು ಶಿವಮೊಗ್ಗದ ದಾರಿ ಹಿಡಿಯಬೇಕು. ಮಂಜಿನಲ್ಲಿ ಲಾರಿಯೊಂದು ಅಡ್ಡ ನಿಂತರೆ ನೆಂಟರ ಚರ್ಚೆಗೆ ಉಳಿಯುವ ಸಮಯ ಎಷ್ಟು?

ಎದೆನೋವಿನವರ ಪಾಡು ಸ್ವಲ್ಪ ವಾಸಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಡಿಸಿ ವಾಟ್ಸಾಪ್ ಗುಂಪು ಕಟ್ಟಿದರು. ಹಳ್ಳಿಯಲ್ಲಿ ತೆಗೆದ ಗೆರೆಯನ್ನು ತಜ್ಞರು ಕೂತಲ್ಲೇ ಓದುತ್ತಾರೆ. ಸುಪ್ರಭಾತದ ಹೂವು ಕಳಿಸಲಷ್ಟೇ ವಾಟ್ಸಾಪ್ ಇರುವುದೆಂದು ನಂಬಿದ್ದ ನನಗೆ ಇದೊಂದು ಜ್ಞಾನೋದಯ.

ನನ್ನಾಕೆಗೆ ಆದ ಜ್ಞಾನೋದಯ ಬೇರೆ. ಮುಖ ಒಂದು ಕಡೆ ಜೋತರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ ಎಂದು ಆಶಾ ಹೇಳಿಹೋದದ್ದನ್ನು ಅವಳು ನಿತ್ಯಪೂಜೆ ಮಾಡಿಕೊಂಡಿದ್ದಾಳೆ.

“ಹೋಯ್, ಸ್ವಲ್ಪ ನಗಿ ನೋಡನ.”

ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ನನ್ನ ನಗು ನೋಡುವ ಆಸೆ ಹುಟ್ಟಿದೆ! ನಕ್ಕೆ.

“ಎರಡೂ ಕೈ ಎತ್ತಿ.”

ಎತ್ತಿದೆ. ತುಂಗೆಗೆ ಅರ್ಘ್ಯ ಕೊಡುವವನ ಹಾಗೆ.

“ಎಂತಾದ್ರೂ ಮಾತಾಡಿ.”

“ಅರ್ಧ ಮಿಡಿ ಹಾಕೆ” ಎಂದೆ, ಒಂದಕ್ಷರ ತೊದಲದೆ.

“ಎಂತದೂ ಆಗ್ಲಿಲ್ಲ ನಿಮಗೆ” ಎಂದವಳೇ ಮಾತ್ರೆ, ನೀರಿನ ಲೋಟ ಮುಂದಿಟ್ಟಳು. ಭರಣಿ ಈಗ ಎಲ್ಲಿದೆಯೋ, ಪತ್ತೆಯಿಲ್ಲ.